ಇಪ್ಪತ್ತೆರಡು ಸೆಕೆಂಡಿನ ಫೋನ್

"ನಾಗರತ್ನಾ... ಮುಂದಿನ ಪೇಶೆಂಟ್ ಕಳಿಸಮ್ಮಾ, ಎಷ್ಟೊತ್ತು?"

ಡಾಕ್ಟರ ದನಿ. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುವ ಅದೇ ದನಿ, ಬಾಲಕ್ಕೊಂದು ಸಣ್ಣ ಕೆಮ್ಮು.

ನಾಗರತ್ನ ಕೈಲಿದ್ದ ಫೈಲು ಅಲ್ಲೇ ಬಿಟ್ಟು ಓಡಿದಳು. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂ.ಆರ್.ಐ. ಮಿಷಿನ್ ನಡೆಸುವ ಕೆಲಸಕ್ಕೆ ಸೇರಿ ಅವತ್ತಿಗೆ ಮೂರನೇ ದಿನ. ಮೂರನೇ ದಿನಕ್ಕೇ ಬೈಸಿಕೊಂಡರೆ ಮೂವತ್ತನೇ ದಿನ ಸಂಬಳ ತಗೊಳ್ಳುವ ಗ್ಯಾರಂಟಿ ಏನು?

ಡಾಕ್ಟರ ಕೋಣೆಗೆ ಬೀಗ ಬಿದ್ದಿತ್ತು, ಅವರು ಆಗಲೇ ಹೊರಗೆ ಹೋಗಿಯಾಗಿತ್ತು.

ತಿರುಗಿ ನೋಡಿದಳು. ಕಾಯುವ ಬೆಂಚಿನ ಮೇಲೆ ಒಬ್ಬ ಸಪೂರ ಹುಡುಗ ಗೋಡೆಯ ಗಡಿಯಾರವನ್ನು ಅತಿ ಭಕ್ತಿಯಿಂದ ನೋಡುತ್ತಿದ್ದ. ಪಕ್ಕದಲ್ಲಿ ಕುಂತಿದ್ದ ಅವನ ತಾಯಿ ಮೊಣಕೈಯಿಂದ ತಿವಿಯುತ್ತಿದ್ದಳು. ರಿಸೆಪ್ಷನ್ನಿನ ಮೆಹರೀನ ಬಾಯಿಗೆ ದುಪಟ್ಟಾ ತುರುಕಿಕೊಂಡು ನಗು ನುಂಗುತ್ತಿದ್ದಳು.

"ನೀವೇನ್ರಿ ಕರೆದಿದ್ದು?"

"ನಾನಲ್ರಿ ಮೇಡಂ. ಡಾಕ್ಟ್ರು ಕರೆದ್ರು. ನನ್ನ ಬಾಯಿಂದ ಕರೆದ್ರು, ಅಷ್ಟ."

"ಇದು ಆಸ್ಪತ್ರಿ ಐತ್ರಿ. ನಾಟಕದ ಕಂಪನಿ ಅಲ್ಲ."

"ಖರೇ ಐತ್ರಿ. ನಾಟಕದ ಕಂಪನಿ ಆಗಿದ್ರ ಇಷ್ಟೊತ್ತಿಗೆ ಪರದೆ ಎದ್ದಿರ್ತಿತ್ತು. ನಾವು ಎಂಟು ಗಂಟಿಗೆ ಬಂದು ಕುಂತೇವಿ."

ನಾಗರತ್ನಳಿಗೆ ಸಿಟ್ಟು ನೆತ್ತಿಗೇರಿತು. "ಏನ್ ನಿಮ್ಮ ಹೆಸರು?"

"ಅಂಜಿನಿ. ಕಾನಹೊಸಹಳ್ಳಿ. ಹೆಸರಿನ್ಯಾಗ ಅಂಜಿಕಿ ಐತಿ, ಮನುಷ್ಯಾನಾಗ ಇಲ್ರಿ."

ಅವಳು ಗುರಾಯಿಸಿದಳು. ಆಗ ಕಂಡದ್ದು ಅವನ ಕಣ್ಣು. ಅರಿಶಿನ ನೀರು ಚಿಮುಕಿಸಿದ ಹಾಗೆ ಬಿಳಿಭಾಗ ತುಸು ಹಳದಿ. ಆ ಹಳದಿಯ ನಡುವೆ ಕಪ್ಪಗೆ ನಗುವ ಎರಡು ಗುಡ್ಡೆ... ಬೈಯುವುದು ಬಿಟ್ಟು ಅವಳು ಚೀಟಿಗೆ ಕೈ ಚಾಚಿದಳು.

ಸ್ಕ್ಯಾನ್ ಇದ್ದದ್ದು ಅವನ ತಾಯಿ ದುರುಗಮ್ಮನ ಸೊಂಟಕ್ಕೆ. ಹೊಸ ಮಿಷಿನ್ನು ಪ್ರತಿ ಸುತ್ತಿಗೂ ಮುಂಚೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿತ್ತು. ಆ ದನಿ ಬಂದಾಗಲೆಲ್ಲ ದುರುಗಮ್ಮ, "ಯಾರೋ ಕರೆದ್ರು ಯವ್ವಾ" ಎಂದು ಎದ್ದೇ ಬಿಡುವಳು. ಮೂರು ಸಲ ಎದ್ದಳು, ಮೂರು ಸಲ ಚಿತ್ರ ಕೆಟ್ಟಿತು.

"ಮೇಡಂ, ಆ ಮೈಕ್ ಇತ್ಲಾಗ ಕೊಡ್ರಿ," ಎಂದ ಅಂಜಿನಿ ಬಾಗಿಲಿನಿಂದ.

ಯಾರ ದನಿ ತೆಗೆಯುತ್ತಾನೋ ಎಂದು ನಾಗರತ್ನ ಹಲ್ಲು ಕಚ್ಚಿ ಕೊಟ್ಟಳು. ಅವನು ಯಾರ ದನಿಯನ್ನೂ ತೆಗೆಯಲಿಲ್ಲ. ತನ್ನದರಲ್ಲೇ ಮಾತಾಡಿದ.

"ಅಳ್ಳಾಡಬ್ಯಾಡಬೇ ಯವ್ವಾ... ಕಣ್ಣು ಮುಚ್ಚು... ನಾ ಇಲ್ಲೇ ಅದೀನಿ."

ದುರುಗಮ್ಮ ಕಲ್ಲಿನ ಹಾಗೆ ಮಲಗಿದಳು.

ಡಾಕ್ಟರಿಗೆ ಈ ಸುದ್ದಿ ಮುಟ್ಟಿ, ವಾರದೊಳಗೆ ಅಂಜಿನಿಯನ್ನು ಕರೆಸಿ ಅದೇ ಮಾತನ್ನು ಮಿಷಿನ್ನಿನಲ್ಲೇ ತುಂಬಿಸಿದರು. ಅಲ್ಲಿಂದ ಮುಂದೆ ಬಾಗಳಿಯ ಅಜ್ಜಿಯೇ ಬರಲಿ, ಚಿಗಟೇರಿಯ ಅಜ್ಜನೇ ಬರಲಿ, ಅವನ ದನಿ ಕೇಳಿಯೇ ಕಣ್ಣು ಮುಚ್ಚಬೇಕು. ನಾಗರತ್ನಳ ಕಿವಿಗೆ ದಿನಕ್ಕೆ ನೂರು ಸಲ "ನಾ ಇಲ್ಲೇ ಅದೀನಿ" ಬೀಳುತ್ತಿತ್ತು. ದಿನಕ್ಕೆ ನೂರು ಸಲ ಹಾಗೆ ಹೇಳಿಸಿಕೊಂಡ ಮೇಲೆ ಯಾವ ಹುಡುಗಿ ತಾನೇ ಎಷ್ಟು ದಿನ ಗಟ್ಟಿಯಾಗಿದ್ದಾಳು, ನೀವೇ ಹೇಳಿ!

* * *

ಅಂಜಿನಿಯದು ದನಿಯ ದಂಧೆ. ಕಾನಹೊಸಹಳ್ಳಿಯ ಮೆಕ್ಯಾನಿಕ್ ಖಾಸಿಂ ಸಾಬ್ ಅವರ ಆಟೋಗೆ ಎರಡು ಭೋಂಗಾ ಮೈಕು ಕಟ್ಟಿಕೊಂಡು, ಬಟ್ಟೆ ಅಂಗಡಿ, ಕಣ್ಣಿನ ಕ್ಯಾಂಪು, ಕುರಿ ಔಷಧಿ, ಏನಿದ್ದರೂ ಕೂಡ್ಲಿಗಿಯಿಂದ ಹಡಗಲಿಯವರೆಗೆ ಕೂಗಿಕೊಂಡು ಬರುವುದು. ಒಂದೇ ಬಾಯಲ್ಲಿ ಅತ್ತೆ, ಸೊಸೆ, ನಡುವೆ ಸಿಕ್ಕ ಮಗ, ಮೂವರೂ ಇರುತ್ತಿದ್ದರು. ಜನ ಹೆಚ್ಚು ಕೇಳುತ್ತಿದ್ದದ್ದು ಕುಡುಕನ ದನಿ. ನಾಲಿಗೆ ದಪ್ಪ ಮಾಡಿ, ಮಾತನ್ನು ಅರ್ಧಕ್ಕೆ ಜಾರಿಸಿ, "ಅ... ಅಣ್ಣಾ... ನಾ ಕುಡು...ದಿಲ್ಲಾ" ಅಂದರೆ ಸಂತೆ ಸಂತೆಯೇ ಬಿದ್ದು ನಗುತ್ತಿತ್ತು.

ಕೊಟ್ಟೂರಿನಲ್ಲಿ ನಾಗರತ್ನಳ ಮನೆ. ಬೆಳಿಗ್ಗೆ ಅವಳು ಹರಪನಹಳ್ಳಿ ಬಸ್ಸಿಗೆ ನಿಂತಾಗ ಅವನಿಂದ ಫೋನ್ ಬರುವುದು, ಅದೇ ಕುಡುಕನ ದನಿಯಲ್ಲಿ. ಅವಳು ನಕ್ಕು, "ಲೇ, ಇಳಿದ ಮ್ಯಾಲೆ ಮಾಡು" ಎಂದು ಕಟ್ ಮಾಡುವಳು. ಅದೇ ಅವರ ಸುಪ್ರಭಾತ.

ಒಂದು ದಿನ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಅವನೇ ಹೇಳಿದ.

"ರತ್ನ, ಒಂದು ಹೇಳ್ತೀನಿ. ಎಲ್ಲಾರ ರಕ್ತದ ಕಣ ದುಂಡಗಿರ್ತಾವ. ನನ್ನವು ಕುಡುಗೋಲಿನಂಗ ಬಾಗ್ಯಾವ. ಸಣ್ಣ ಸಂದಿಯಾಗ ಒಂದಕ್ಕೊಂದು ಸಿಕ್ಕೊಂಡು ದಾರಿ ಕಟ್ತಾವ. ಆಗ ಎಲುಬಿನಾಗ ಬೆಂಕಿ ಬೀಳ್ತೈತಿ."

"ಸಿಕಲ್ ಸೆಲ್," ಎಂದಳು. ಓದಿದವಳು, ಕಣ್ಣಿನ ಹಳದಿ ನೋಡಿದ ದಿನವೇ ಏನೋ ಇದೆ ಎಂದು ಅನುಮಾನಪಟ್ಟಿದ್ದಳು.

"ನಮ್ಮವ್ವ ತನ್ನ ಸೋದರಮಾವನ್ನ ಮದುವಿ ಆದ್ಲು. ಎರಡೂ ಕಡೆ ಒಂದೊಂದು ಕುಡುಗೋಲು ಇತ್ತು. ಎರಡೂ ನನಗ ಉಡುಗೊರೆ."

"ಮಿದುಳಿನ ಸ್ಕ್ಯಾನ್ ಆಗೈತೇನು? ಈ ಕಾಯಿಲೆಯವರಿಗೆ ಗೊತ್ತಾಗದಂಗ ಒಳಗೊಳಗ ಸಣ್ಣ ಸ್ಟ್ರೋಕ್ ಆಗಿರ್ತಾವ. ಬಾ, ನಾನೇ ಮಾಡ್ತೀನಿ."

ಅವನು ಒಂದು ಮಿರ್ಚಿಯನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದ. "ರಕ್ತದ ಡಾಕ್ಟ್ರು ಚೀಟಿ ಬರ್ದಿದ್ರು. ದಾವಣಗೇರ್ಯಾಗ ಮಾಡ್ಸೀನಿ. ಕ್ಲೀನ್ ಐತಿ."

ಅವಳು ನಂಬಿದಳು. ಅದೇ ದಿನ ಅವನ ಬಲಗೈಯಿಂದ ಚಹಾದ ಲೋಟ ಜಾರಿ ಬಿದ್ದಿತ್ತು. ಅವನು ತಕ್ಷಣ ಸಿನಿಮಾದ ಸಾಯುವ ತಂದೆಯ ಹಾಗೆ ಎದೆ ಹಿಡಿದು ಒರಗಿದ. ಅಂಗಡಿಯವನೂ ನಕ್ಕ, ಇವಳೂ ನಕ್ಕಳು. ಇನ್ನೊಮ್ಮೆ ಮಾತಿನ ನಡುವೆ ಖಾಸಿಂ ಸಾಬರ ಹೆಸರೇ ಮರೆತು, "ಅವರು... ಅವರು..." ಎಂದು ತಡವರಿಸಿದ. ಆಗಲೂ ನಕ್ಕಳು.

ಅವನ ಜೊತೆ ಇರುವಾಗ ಯಾವುದು ಆಟ, ಯಾವುದು ಅಲ್ಲ ಎಂದು ಕೇಳುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು.

* * *

ನಾಗರತ್ನಳ ತಂದೆ ಓಬಳೇಶಪ್ಪ ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ಜನರ ಮುಖ ನೋಡಿ ಟಿಕೆಟ್ ಹರಿದ ಮನುಷ್ಯ.

"ಅವನ ಬ್ಯಾನಿ ಬಗ್ಗೆ ನೀ ಓದೀ, ನಿನಗ ಗೊತ್ತು. ನಿನ್ನ ರಕ್ತಾನೂ ಟೆಸ್ಟ್ ಮಾಡ್ಸೀ, ನಿನ್ನಾಗ ಅದು ಇಲ್ಲ. ಅದಕ್ಕ ನಾ ಒಪ್ಪೀನಿ," ಎಂದಿದ್ದರು. "ಆದ್ರ ದನಿ ಬದಲಿಸೋನು ಮಾತು ಬದಲಿಸಲ್ಲ ಅಂತ ಏನ್ ಖಾತ್ರಿ ರತ್ನಿ?"

"ಬಂದಾಗ ನೀನ ನೋಡಪ್ಪ."

ಜನವರಿ ಹದಿನೆಂಟು, ಭಾನುವಾರ. ಮಧ್ಯಾಹ್ನ ಹನ್ನೆರಡಕ್ಕೆ ಅಂಜಿನಿಯ ಕಡೆಯವರು ಮಾತುಕತೆಗೆ ಬರುವುದು ಎಂದು ನಿಶ್ಚಯವಾಗಿತ್ತು. ದುರುಗಮ್ಮ ಹಿರಿಯರನ್ನು ಕರೆತರಲು ಹಿಂದಿನ ದಿನವೇ ಬಾಗಳಿಗೆ ಹೋಗಿದ್ದಳು. ಅಂಜಿನಿ ಖಾಸಿಂ ಸಾಬರ ಗಾಡಿಯಲ್ಲಿ ನೇರ ಕೊಟ್ಟೂರಿಗೆ ಬರುವವನು. "ಹೆಂಗಸ್ರು ಒಡಪು ಹಾಕಿ ಗಂಡನ ಹೆಸರು ಹೇಳ್ತಾರಲ್ಲ, ನಾ ಉಲ್ಟಾ ಮಾಡ್ತೀನಿ. ನಿಮ್ಮಪ್ಪನ ಮುಂದ ನಿನ್ನ ಹೆಸರು ಒಡಪಿನ್ಯಾಗ ಹೇಳ್ತೀನಿ," ಎಂದಿದ್ದ. "ಆಟ ಆಡಬ್ಯಾಡ ಮಾರಾಯ. ಅವತ್ತೊಂದಿನ," ಎಂದು ಅವಳು ಕೈ ಮುಗಿದು ಬೇಡಿದ್ದಳು.

ಬೆಳಿಗ್ಗೆ ಒಂಬತ್ತು ಗಂಟೆ. ಅಡುಗೆಮನೆ ತುಂಬ ಬಳಗ. ನಾಗರತ್ನ ಹೋಳಿಗೆಯ ಹೂರಣ ಉಂಡೆ ಕಟ್ಟುತ್ತಿದ್ದಳು. ಫೋನ್ ಬಡಿಯಿತು. ಕೈ ತುಂಬ ಹೂರಣ. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದಳು.

"ಅ... ಅತ್ನಾ... ಬಾ... ಬಾಯಿ... ಕಯ್..."

ದಪ್ಪ ನಾಲಿಗೆ. ಅರ್ಧಕ್ಕೆ ಜಾರುವ ಮಾತು.

ಚಿಕ್ಕಮ್ಮ ಅನ್ನದಾನಮ್ಮ ಲಟ್ಟಣಿಗೆ ನಿಲ್ಲಿಸಿ, "ಅಳಿಯಂದ್ರು ಮುಂಜಾನಿಗೇ ಏರಿಸ್ಯಾರ" ಎಂದಳು. ಸುತ್ತ ಕಿಸಕ್ಕನೆ ನಗು. ಬಾಗಿಲಲ್ಲಿ ಓಬಳೇಶಪ್ಪ ನಿಂತಿದ್ದರು. ಅವರು ನಗಲಿಲ್ಲ.

ನಾಗರತ್ನಳ ಮುಖ ಕಾದ ಹಂಚಾಯಿತು.

"ಸಾಕು ಮಾಡು ಅಂಜಿನಿ. ಇವತ್ತೊಂದಿನಾದ್ರೂ ನಿನ್ನ ದನಿಯಾಗ ಮಾತಾಡು. ಆಗಲ್ಲಂದ್ರ ಮಾತಾಡಾಕ ಬ್ಯಾಡ."

"ಅ... ತ್..."

ಕಟ್ ಮಾಡಿದಳು. ಹೂರಣದ ಕೈಯಲ್ಲೇ ಫೋನ್ ಆಫ್ ಮಾಡಿದಳು.

ಹನ್ನೆರಡಾಯಿತು, ಎರಡಾಯಿತು, ನಾಲ್ಕಾಯಿತು. ಯಾರೂ ಬರಲಿಲ್ಲ. ಸಂಜೆ ಓಬಳೇಶಪ್ಪನವರ ಫೋನಿಗೆ ದುರುಗಮ್ಮನ ಕರೆ ಬಂತು. ಅವಳು ಬಾಯಿ ತೆರೆಯುವ ಮೊದಲೇ ಇವರು, "ನಿಮ್ಮ ಸಹವಾಸ ಸಾಕ್ರಿ, ಇನ್ನೊಮ್ಮೆ ಫೋನ್ ಮಾಡಬ್ಯಾಡ್ರಿ" ಎಂದು ಇಟ್ಟುಬಿಟ್ಟರು. ನಾಗರತ್ನ ಅಂಜಿನಿಯ ನಂಬರನ್ನು ಬ್ಲಾಕ್ ಮಾಡಿದಳು.

ಉಳಿದ ಹೋಳಿಗೆಯನ್ನು ಓಣಿಗೆಲ್ಲ ಹಂಚಿದರು. ಓಣಿಯವರು ತಿಂದು, ಕೇಳಬಾರದ್ದನ್ನೆಲ್ಲ ಕೇಳಿದರು.

ಸ್ಕ್ಯಾನ್ ಕೋಣೆಯಲ್ಲಿ ಮಾತ್ರ ಅವನನ್ನು ಬ್ಲಾಕ್ ಮಾಡಲು ಬರಲಿಲ್ಲ. ಅಜ್ಜಿಯರು ಒಳಗೆ ಹೋದಾಗಲೆಲ್ಲ ಅವನು ಹೇಳುತ್ತಲೇ ಇದ್ದ: ನಾ ಇಲ್ಲೇ ಅದೀನಿ.

'ಸುಳ್ಳ,' ಎನ್ನುತ್ತಿದ್ದಳು ಅವಳು ಮನಸ್ಸಿನಲ್ಲಿ. ಐದು ತಿಂಗಳು ಹಾಗೇ ಕಳೆಯಿತು.

* * *

ಜೂನಿನಲ್ಲೊಂದು ಬೆಳಿಗ್ಗೆ ಮೆಹರೀನ ಫೈಲು ತಂದು ಮೇಜಿನ ಮೇಲಿಟ್ಟಳು. ಎಂದಿನ ಹಾಗೆ ವಟಗುಟ್ಟಲಿಲ್ಲ.

"ರತ್ನ... ನೀ ಕುಂತ್ಕೋ ಮೊದ್ಲು."

ಫೈಲಿನ ಮೇಲೆ ಹೆಸರು: ಅಂಜಿನಿ. ಒಳಗೆ ರಕ್ತದ ಡಾಕ್ಟರ ಕಾಗದ. ಸಿಕಲ್ ಸೆಲ್ ಕಾಯಿಲೆ. ಮಿದುಳಿನ ಎಡಭಾಗದಲ್ಲಿ ಸ್ಟ್ರೋಕ್. ಬಲಗೈ ಸೋತಿದೆ, ಮಾತು ತೊದಲು. ಪ್ರತಿ ತಿಂಗಳು ರಕ್ತ ಏರಿಸಲಾಗುತ್ತಿದೆ. ಹೊಸ ಹಾನಿ ಆಗಿದೆಯೇ ನೋಡಲು ಎಂ.ಆರ್.ಐ. ಬೇಕು.

ಸ್ಟ್ರೋಕ್ ಆದ ದಿನ: ಜನವರಿ ಹದಿನೆಂಟು, ಬೆಳಿಗ್ಗೆ. ಸಮಯ ಗೊತ್ತಿಲ್ಲ.

ಸಮಯ ಗೊತ್ತಿಲ್ಲ...

ಭೂಮಿಯ ಮೇಲೆ ಆ ಸಮಯ ಗೊತ್ತಿದ್ದವಳು ಒಬ್ಬಳೇ. ಅವಳ ಕೈಯಲ್ಲಿ ಅವತ್ತು ಹೂರಣವಿತ್ತು.

ಬಾಗಿಲು ತೆರೆಯಿತು. ದುರುಗಮ್ಮನ ಹೆಗಲು ಹಿಡಿದು ಅಂಜಿನಿ ಬಂದ. ಬಲಗಾಲು ನೆಲವನ್ನು ಸವರುತ್ತಿತ್ತು. ತುಟಿಯ ಬಲಮೂಲೆ ತುಸು ಇಳಿದಿತ್ತು. ಕಣ್ಣು ಅದೇ ಹಳದಿ, ಅದೇ ಕಪ್ಪು. ಅವಳನ್ನು ನೋಡಿ ತಲೆ ತಗ್ಗಿಸಿದ.

ದುರುಗಮ್ಮ ಗೋಡೆಗೆ ಹೇಳಿದಂತೆ ಹೇಳಿದಳು. "ಇಲ್ಲಿಗೆ ಬರಬಾರದಂತಿದ್ವಿ. ದಾವಣಗೇರ್ಯಾಗ ಹದಿನೈದು ದಿನ ತಡ ಅಂದ್ರು."

ನಾಗರತ್ನಳ ಬಾಯಿಂದ ಬಂದದ್ದು ಕಲಿತ ಮಾತು ಮಾತ್ರ. "ತಾಯಿತ, ಬೆಳ್ಳಿ ಉಡದಾರ, ಏನಿದ್ರೂ ತೆಗೀಬೇಕು."

ಬಲಗೈ ಆಡದವನು ಎಡಗೈಯೊಂದರಲ್ಲೇ ತಾಯಿತದ ಗಂಟಿಗೆ ತಡಕಾಡಿದ. ಅವಳೇ ಬಿಚ್ಚಿದಳು. ಅವನ ಕೊರಳ ಬಿಸಿ ಬೆರಳಿಗೆ ತಾಗಿತು. ಮಲಗಿಸಿ, ತಲೆ ಅಲುಗದಂತೆ ಚೌಕಟ್ಟು ಹಾಕಿ, ಕರೆಗಂಟೆಯ ರಬ್ಬರ್ ಬುಗ್ಗೆಯನ್ನು ಅವನ ಎಡಗೈಯಲ್ಲಿಟ್ಟಳು.

"ಒಳಗ ಏನಾದ್ರೂ ಕಷ್ಟ ಆದ್ರ ಇದನ್ನ ಒತ್ತು. ನಾ ಬರ್ತೀನಿ."

ಹೇಳಿದ ಮೇಲೆ ಆ ಮಾತು ತನ್ನನ್ನೇ ಕಚ್ಚಿತು. ಕಷ್ಟ ಆದಾಗ ಅವನು ಒತ್ತಿದ್ದನಲ್ಲ? ಅವಳು ಬಂದಿದ್ದಳೇ?

ಮಿಷಿನ್ನು ಗುರುಗುಟ್ಟಿತು. ಮೊದಲ ಸುತ್ತಿಗೆ ಮುಂಚೆ, ನಿಲ್ಲಿಸಲು ಅವಳಿಗೆ ಹೊಳೆಯುವುದರೊಳಗೆ, ಒಳಗಿನಿಂದ ದನಿ ಬಂತು. ತುಂಬು ದನಿ. ಜನವರಿಗಿಂತ ಹಿಂದಿನದು.

"ಅಳ್ಳಾಡಬ್ಯಾಡಬೇ ಯವ್ವಾ... ಕಣ್ಣು ಮುಚ್ಚು... ನಾ ಇಲ್ಲೇ ಅದೀನಿ."

ಅವನ ಕಿವಿಗೆ ಅವನದೇ ದನಿ.

ಗಂಟೆ ಬಡಿಯಿತು. ಬುಗ್ಗೆ ಒತ್ತಿದ್ದ. ನಾಗರತ್ನ ಕುರ್ಚಿ ಬೀಳಿಸಿಕೊಂಡು ಒಳಗೆ ಓಡಿದಳು, ಮಂಚವನ್ನು ಹೊರಗೆಳೆದಳು. ಅವನ ಎರಡೂ ಕಿವಿಯ ಕಡೆ ನೀರು ಇಳಿಯುತ್ತಿತ್ತು.

"ಏನಾತು? ನೋವಾತೇನು?"

ಅವನು ಬಾಯಿ ತೆರೆದ. ಮಾತು ಬರಲು ಬಹಳ ಹೊತ್ತು ಹಿಡಿಯಿತು. ಅವಳು ಕಾದಳು.

"ಅವ...ತ್ತು... ಬರ...ಲಿಲ್ಲ. ಏನೂ... ನೆನಪಿಲ್ಲ. ತಪ್ಪಾತು... ರತ್ನ."

ನೆನಪಿಲ್ಲ. ಫೋನ್ ಮಾಡಿದ್ದೇ ಅವನಿಗೆ ನೆನಪಿಲ್ಲ.

ಎದೆಯೊಳಗೆ ಕಳ್ಳನೊಬ್ಬ ಮೆಲ್ಲಗೆ ಉಸಿರುಬಿಟ್ಟ ಹಾಗಾಯಿತು ಅವಳಿಗೆ. ಮತ್ತು ಆ ಕಳ್ಳನೇ ಅವಳ ಬಾಯಿಂದ ಮಾತಾಡಿದ.

"ಇರ್ಲಿ ಬಿಡು ಅಂಜಿನಿ. ಆದದ್ದು ಆತು."

ಅವನ ಮುಖದ ಎಡಭಾಗ ನಕ್ಕಿತು.

ಮಂಚವನ್ನು ಮತ್ತೆ ಒಳಗೆ ಸರಿಸಿ ಅವಳು ಹೊರಗೆ ಬಂದು ಕುಂತಳು. ತೆರೆಯ ಮೇಲೆ ಅವನ ಮಿದುಳು ಪದರ ಪದರವಾಗಿ ಬಿಚ್ಚಿಕೊಂಡಿತು. ಅಲ್ಲಿ ಎಡ ಬಲಕ್ಕೆ ಕಾಣುತ್ತದೆ, ಬಲ ಎಡಕ್ಕೆ. ಆ ತಿರುವುಮುರುವು ಅವಳಿಗೆ ದಿನನಿತ್ಯದ್ದು. ಇವತ್ತು ಕಂಡದ್ದು ನಿಂಬೆಹಣ್ಣಿನಷ್ಟು ದೊಡ್ಡ ಗಾಯದ ಕಲೆ. ಅದರ ಸುತ್ತ, ಅಲ್ಲಲ್ಲಿ, ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕೆ.

ಒಂದು... ಎರಡು... ಐದು.

ಸಂಜೆ ಡಾಕ್ಟರ ವರದಿ ಬಂತು. ಹೊಸ ಹಾನಿ ಇಲ್ಲ. ಐದು ಸಣ್ಣ ಗಾಯಗಳು ಜನವರಿಗೂ ಮುಂಚಿನವು, ಜನವರಿಯ ಸ್ಕ್ಯಾನಿನಲ್ಲೇ ಹಳೆಯವಾಗಿ ಕಂಡಿದ್ದವು.

ಹಾಗಾದರೆ ದಾವಣಗೆರೆಯ ಕ್ಲೀನ್ ಸ್ಕ್ಯಾನು? ಅಂಥದ್ದು ಇರಲೇ ಇಲ್ಲ. ಅವನು ಮಾಡಿಸಿರಲೇ ಇಲ್ಲ. ಆ ಐದರಲ್ಲಿ ಒಂದು ಚಹಾದ ಲೋಟವಿರಬಹುದು. ಒಂದು ಖಾಸಿಂ ಸಾಬರ ಹೆಸರಿರಬಹುದು. ಅವಳು ಎಲ್ಲಕ್ಕೂ ನಕ್ಕಿದ್ದಳು.

* * *

ಆಮೇಲೆ ಎಲ್ಲ ಸಲೀಸಾಗಿ ನಡೆಯಿತು, ಅದೇ ಕಷ್ಟ. ದುರುಗಮ್ಮ ತಾನೇ ಫೋನ್ ಮಾಡಿದಳು. "ನಿನ್ನ ಮಾರಿ ನೋಡಿದಾಗಿಂದ ಎರಡು ತುತ್ತು ಜಾಸ್ತಿ ಉಣ್ಣಾಕ ಹತ್ಯಾನ ಯವ್ವಾ. ಬ್ಯಾನಿ ಸುದ್ದಿ ಕೇಳಿ ನೀವು ಬಿಟ್ರಿ ಅಂತ ತಿಳಿದಿದ್ದೆ. ನಿನ್ನ ಮನಸು ದೊಡ್ಡದು."

ದೊಡ್ಡ ಮನಸು! ನಾಗರತ್ನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಅಪ್ಪನಿಗೆ ಹೇಳಿದಳು. ಓಬಳೇಶಪ್ಪ ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಂಡರು. "ಆ ಹೆಣ್ಮಗಳು ಆಸ್ಪತ್ರಿಯಿಂದ ಫೋನ್ ಮಾಡಿದ್ಲೇನು... ನಾ ಕೇಳಲೇ ಇಲ್ಲಲ್ಲ." ಆಮೇಲೆ ಮೆಲ್ಲಗೆ, "ಅವನಿಗೆ ನೆನಪಿಲ್ಲಂದ್ರ, ಹೇಳಬೇಕಂತೇನೈತಿ ರತ್ನಿ?"

"ನನಗ ನೆನಪೈತಲ್ಲಪ್ಪ."

ಭಾನುವಾರ ಕಾನಹೊಸಹಳ್ಳಿಗೆ ಹೋದಳು. ಹೈವೇ ಪಕ್ಕ ಖಾಸಿಂ ಸಾಬರ ಗ್ಯಾರೇಜು, ಅದರ ಹಿಂದೆ ದುರುಗಮ್ಮನ ಮನೆ. ಕಟ್ಟೆಯ ಮೇಲೆ ಅಂಜಿನಿ ಎಡಗೈಯಲ್ಲಿ ಕಡ್ಲಿಕಾಯಿ ಸುಲಿಯುತ್ತಿದ್ದ. ಖಾಸಿಂ ಸಾಬ್ ಪಕ್ಕದಲ್ಲಿದ್ದರು. ದುರುಗಮ್ಮ ಒಗ್ಗರಣೆ ಮಂಡಕ್ಕಿ ತಂದಿಟ್ಟಳು.

"ಬಾ ಬೇಟಿ," ಎಂದರು ಖಾಸಿಂ ಸಾಬ್. "ಹನ್ನೊಂದಕ್ಕ ಗಾಡಿ ತಗೊಂಡು ಬಂದೆ ನೋಡು ಅವತ್ತು. ಹೊಸ ಅಂಗಿ ಹಾಕ್ಕೊಂಡು ನೆಲಕ್ಕ ಬಿದ್ದಾನ. ಎಡಗೈಯಾಗ ಫೋನು, ಕಿವಿಗೇ ಹಿಡಿದಾನ. ಎತ್ತೋ ಗಡಿಬಿಡಿಯಾಗ ಅದು ಬಿದ್ದು ಪುಡಿ ಆತು. ಯಾರಿಗೆ ಮಾಡಾಕ ಹೊಂಟಿದ್ನೋ ಪಾಪ. ಎಷ್ಟೊತ್ತಿಗೆ ಆತು, ಎಷ್ಟೊತ್ತಿಗೆ ಆತು ಅಂತ ಡಾಕ್ಟ್ರು ಕೇಳಿದ್ದೇ ಕೇಳಿದ್ದು. ಒಂದೆರಡು ತಾಸು ಮೊದ್ಲ ತಂದಿದ್ರ ಇಷ್ಟು ಆಗ್ತಿರಲಿಲ್ಲಂತ."

ನಾಗರತ್ನ ತಟ್ಟೆಯನ್ನು ಪಕ್ಕಕ್ಕಿಟ್ಟಳು.

"ಒಂಬತ್ತು ಗಂಟಿಗೆ ಆತು ಚಾಚಾ. ನನಗ ಮಾಡಿದ್ದ."

ಕಡ್ಲಿಕಾಯಿ ಸುಲಿಯುತ್ತಿದ್ದ ಎಡಗೈ ನಿಂತಿತು. ಹೈವೇಯಲ್ಲಿ ಲಾರಿಯೊಂದು ಹೋಯಿತು.

"ಕುಡುಕನ ಆಟ ಆಡಾಕ ಹತ್ಯಾನ ಅಂದ್ಕೊಂಡೆ. ಎಲ್ಲಾರೂ ನಕ್ರು. ನನಗ ಸಿಟ್ಟು ಬಂತು. ಮಾತಾಡಾಕ ಬ್ಯಾಡ ಅಂದೆ." ಫೋನ್ ತೆಗೆದು ಅವನ ಮುಂದೆ ಹಿಡಿದಳು. ಜನವರಿ ಹದಿನೆಂಟು, 9:04, ಇಪ್ಪತ್ತೆರಡು ಸೆಕೆಂಡು. "ಇಷ್ಟ ಕೇಳಿ ಕಟ್ ಮಾಡಿದೆ ಅಂಜಿನಿ. ನಾ ಈ ಕೆಲಸನ ಓದಿದಾಕಿ. ನನಗ ತಿಳೀಬೇಕಿತ್ತು. ಮೊನ್ನೆ ನೀ ತಪ್ಪಾತು ಅಂದಾಗ ನಾ ಇರ್ಲಿ ಬಿಡು ಅಂದೆ. ಅದು ಇನ್ನೊಂದು ತಪ್ಪು."

ಅಂಜಿನಿ ಆ ಫೋನನ್ನು ಎಡಗೈಯಲ್ಲಿ ತೆಗೆದುಕೊಂಡ. ಪರದೆ ಆರಿತು. ಬೆರಳಿನಿಂದ ಮುಟ್ಟಿ ಮತ್ತೆ ಹೊತ್ತಿಸಿದ. ಮತ್ತೆ ಆರಿತು.

"ಹೋ...ಗು," ಎಂದ.

ದುರುಗಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಖಾಸಿಂ ಸಾಬ್ ಬಸ್ಸಿನವರೆಗೆ ಜೊತೆಗೆ ಬಂದರು. "ಹೇಳದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ ಬೇಟಿ. ಯಾಕ ಹೇಳ್ದಿ?"

"ಅವ ನನ್ನ ಕಡೆ ಮಾಫಿ ಕೇಳಿದ್ದ ಚಾಚಾ. ನಾ ಕೊಟ್ಟುಬಿಟ್ಟಿದ್ದೆ."

* * *

ಒಂದು ವಾರ. ಎರಡು ವಾರ. ಬ್ಲಾಕ್ ತೆಗೆದಿದ್ದಳು, ಆದರೆ ತಾನಾಗಿ ಫೋನ್ ಮಾಡಲು ಬೆರಳು ಏಳಲಿಲ್ಲ. ಹೋಗು ಎಂದವನ ಬಾಗಿಲನ್ನು ಎಷ್ಟು ಸಲ ಬಡಿಯುವುದು? ಮೆಹರೀನ ಮಾತ್ರ ದಿನಾ ಕೇಳುವಳು, "ಬಂತಾ?" ಇವಳು ತಲೆಯಾಡಿಸುವಳು. "ಆ ರೆಕಾರ್ಡ್ ತೆಗೆಸಲೇನು? ಕೇಳಿ ಕೇಳಿ ಸೊರಗಾಕ ಹತ್ತೀ."

"ಬ್ಯಾಡ. ಅಜ್ಜಿಗಳು ಎದ್ದು ಕುಂದ್ರತಾರ."

ಇಪ್ಪತ್ತನೇ ದಿನ, ಬೆಳಿಗ್ಗೆ ಒಂಬತ್ತು. ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಹರಪನಹಳ್ಳಿ ಬಸ್ಸು ಹೊರಡಲು ಗುರ್ ಎನ್ನುತ್ತಿತ್ತು. ಅವಳ ಒಂದು ಕಾಲು ಮೆಟ್ಟಿಲ ಮೇಲಿತ್ತು. ಫೋನ್ ಬಡಿಯಿತು. ಗೊತ್ತಿಲ್ಲದ ನಂಬರು.

"ಹಲೋ?"

ಉಸಿರು. ಆಮೇಲೆ ದಪ್ಪ ನಾಲಿಗೆ.

"ರ...ತ್ನ."

"ಹತ್ರಿ ಅಕ್ಕಾರ, ಹತ್ರಿ," ಎಂದ ಕಂಡಕ್ಟರು.

ನಾಗರತ್ನ ಮೆಟ್ಟಿಲಿಂದ ಕಾಲು ಕೆಳಗಿಟ್ಟಳು. ಬಸ್ಸು ಹೋಯಿತು. ಅವಳು ಕಂಬಕ್ಕೆ ಒರಗಿ, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿದಳು.

"ಆಟ... ಅಲ್ಲ," ಎಂದ ಅವನು. "ನನ್ನ... ದನಿನ... ಇದು. ಉಳಿದವೆಲ್ಲ... ಹೋದ್ವು. ಅತ್ತಿ... ಸೊಸಿ... ಡಾಕ್ಟ್ರು. ಇದೊಂದ... ಉಳಿದೈತಿ. ಅದೂ... ಅರ್ಧ."

ಅವಳು ನಡುವೆ ಬಾಯಿ ಹಾಕಲಿಲ್ಲ. ಮಾತು ಹುಡುಕಲು ಅವನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಿವಿ ಕೊಟ್ಟು ನಿಂತಳು. ಇನ್ನೊಂದು ಬಸ್ಸು ಬಂತು, ಹೋಯಿತು.

"ಸಿಟ್ಟು... ಬಂದಿತ್ತು. ಭಾಳ. ಮಲಗಾಕ... ಆಗಲಿಲ್ಲ. ಆಮ್ಯಾಲ... ನೆನಪಾತು... ಲೋಟ. ಆ ಲೋಟ... ಬಿದ್ದಾಗ... ನನಗ ಗೊತ್ತಿತ್ತು ರತ್ನ. ಕೈ... ಕೇಳಲಿಲ್ಲಂತ. ನಾನ... ಆಟ ಮಾಡ್ದೆ. ನೀ ನಗಲಿ... ಅಂತ." ಉಸಿರು. "ದಾವಣಗೇರಿ... ಸ್ಕ್ಯಾನು... ಸುಳ್ಳು. ಅಂಜಿದ್ದೆ."

"ಗೊತ್ತು. ರಿಪೋರ್ಟ್ ನೋಡ್ದಾಗ ತಿಳೀತು."

"ಅವತ್ತು... ಕಟ್ಟಿ ಮ್ಯಾಲ... ಯಾಕ ಹೇಳಲಿಲ್ಲ?"

"ನನ್ನ ತಪ್ಪು ಹೇಳಾಕ ಬಂದಿದ್ದೆ. ನಿಂದು ತೂಗಾಕಲ್ಲ."

ಆ ಕಡೆ ಹಿಂದೆ ಎಲ್ಲೋ ದುರುಗಮ್ಮನ ದನಿ ಕೇಳಿತು: "ಹೇಳಲೇ, ರಾತ್ರಿಯೆಲ್ಲ ಬಾಯಿಪಾಠ ಮಾಡೀ. ಅಕಿ ಬಸ್ಸು ತಪ್ಪತೈ​ತಿ."

"ಬಸ್ಸು ಹೋತು. ಎರಡು ಹೋದ್ವು," ಎಂದಳು ನಾಗರತ್ನ. "ಹೇಳು."

ಅವನು ಗಂಟಲು ಸರಿಮಾಡಿಕೊಂಡ. ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಮೇಲೆ ತಂದ.

"ಕೊಟ್ಟೂರ... ಮಂಡಕ್ಕಿ... ಕೂಡ್ಲಿಗಿ... ಹುಣಸಿ... ಚೆಲ್ಲಿದ ಮಾತ... ಹೆಕ್ಯಾಳ... ನಾಗರತ್ನ... ಒಂದೊಂದ... ಪೋಣಿಸಿ."

ನಾಗರತ್ನ ಸೆರಗಿನಂತೆ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು. ಬಸ್ ಸ್ಟ್ಯಾಂಡು ತುಂಬ ಜನ. ಮೂವತ್ತು ವರ್ಷ ಅವಳಪ್ಪ ಟಿಕೆಟ್ ಹರಿದ ಜಾಗ.

"ಇದನ್ನ... ನಿಮ್ಮಪ್ಪನ ಮುಂದ... ಹೇಳಬೇಕಿತ್ತು."

"ಹೇಳೀಯಂತ. ಎಷ್ಟೊತ್ತು ಹಿಡಿದ್ರೂ ಕುಂತು ಕೇಳ್ತಾನ. ಕೇಳದ ಇಟ್ಟ ಫೋನು ಅವನ್ನೂ ಸುಡಾಕ ಹತ್ತೈತಿ."

"ಆರು ತಿಂಗ್ಳಿಗೊಮ್ಮೆ... ಸ್ಕ್ಯಾನು. ತಿಂಗಳಾ... ರಕ್ತ. ನನ್ನ ಕೂಡ... ಇದ ಸಂಸಾರ. ತಿಳ್ಕೊಂಡು... ಹೇಳು."

"ಸ್ಕ್ಯಾನ್ ನಾನ ಮಾಡ್ತೀನಿ. ಈ ಸಲ ಸುಳ್ಳು ಹೇಳಾಕ ಆಗಲ್ಲ, ನೋಡು. ಇನ್ನ ಮುಂದ ದಿನಾ ಒಂಬತ್ತಕ್ಕ ವಿಡಿಯೋ ಕಾಲ್ ಮಾಡಬೇಕು. ನಗಬೇಕು, ಎರಡೂ ಕೈ ಎತ್ತಬೇಕು, ಮಾತಾಡಬೇಕು. ನಾ ನೋಡಬೇಕು. ಸ್ಟ್ರೋಕ್ ಮೊದ್ಲು ಅಲ್ಲೇ ತಿಳಿಯೋದು."

"ಕೈ... ಒಂದ ಏಳ್ತೈತಿ."

"ಒಂದು ನೀ ಎತ್ತು. ಇನ್ನೊಂದು ನಾ ಎತ್ತತೀನಿ."

ಅವನು ನಕ್ಕದ್ದು ಕೇಳಿಸಿತು. ಅರ್ಧ ತುಟಿಯ ನಗು ಫೋನಿನಲ್ಲಿ ಪೂರ್ತಿಯಾಗಿಯೇ ಕೇಳಿಸುತ್ತದೆ.

"ಈಗ ನೀ... ಹೇಳು. ನನ್ನ... ಹೆಸರು."

"ಒಡಪು ಬರಲ್ಲ ನನಗ."

"ಬರೇ... ಹೆಸರು. ಸಾಕು."

"ಅಂಜಿನಿ," ಎಂದಳು.

"ಮತ್ತ?"

ಫೋನಿನ ಪರದೆಯ ಮೇಲೆ ಸೆಕೆಂಡುಗಳು ಓಡುತ್ತಲೇ ಇದ್ದವು. ಅವಳು ನೋಡಲಿಲ್ಲ.

"ನಾ ಇಲ್ಲೇ ಅದೀನಿ."